ಕಲ್ಲಿನ ವಿಹಾರಗೃಹ: ಹಂಪೆಯ ಎರಡು ಕೊಳಗಳನ್ನು ಕುರಿತ ವಿಚಾರ

ವಿಜಯನಗರದ ಅವಶೇಷಗಳನ್ನು ಕುರಿತು ಬರೆಯುವವರು ದೇವಾಲಯಗಳ ವಿಷಯ ಬಂದಾಗ ಅಳತೆ, ಕಾಲ, ಶಾಸನ, ಶಿಲ್ಪಶಾಸ್ತ್ರ ಇವುಗಳನ್ನೆಲ್ಲ ಮುಂದಿಟ್ಟುಕೊಂಡು ಬಹಳ ಎಚ್ಚರದಿಂದ ನಡೆಯುತ್ತಾರೆ. ಅರಸರು ತಮ್ಮ ವಿಶ್ರಾಂತಿಗೂ ವಿನೋದಕ್ಕೂ ಕಟ್ಟಿಸಿಕೊಂಡ ಮನೆ, ತೋಟ, ಕೊಳಗಳ ಮಾತು ಬಂದಿತೆಂದರೆ ಆ ಎಚ್ಚರವೆಲ್ಲ ಕರಗಿ, ವಿಮರ್ಶೆಯ ಸ್ಥಾನವನ್ನು ವರ್ಣನೆ ಆಕ್ರಮಿಸುತ್ತದೆ. ರಾಣಿಯ ಸ್ನಾನಗೃಹ, ಕಮಲ ಮಹಲು ಎಂಬ ಹೆಸರುಗಳನ್ನು ಕೇಳಿದೊಡನೆಯೆ ಲೇಖನಿ ತನ್ನಷ್ಟಕ್ಕೆ ತಾನೇ ಓಡತೊಡಗುತ್ತದೆ; ಕಲ್ಲಿನಲ್ಲಿ ಅರಳಿದ ಕಾವ್ಯವೆಂಬ ಮಾತು ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತದೆ. ಈ ಎರಡು ಕಟ್ಟಡಗಳನ್ನು ಹತ್ತಿರ ನಿಂತು ಕಂಡವರು ಮೊದಲು ಗಮನಿಸಬೇಕಾದ ಸಂಗತಿಯೆಂದರೆ ಅವು ಕಲ್ಲಿನ ಕೆತ್ತನೆಗಳಲ್ಲ ಎಂಬುದು. ಇಟ್ಟಿಗೆ, ಒರಟುಗಲ್ಲು, ಸುಣ್ಣದ ಗಾರೆ ಇವುಗಳಿಂದ ಅವು ಆದವು. ಅವುಗಳ ಚೆಲುವೆಲ್ಲ ಗಾರೆಯ ಚೆಲುವು. ನಿಜವಾಗಿಯೂ ಕಡೆದ ಕಲ್ಲಿನಿಂದಲೇ ಆದ ಕೊಳವೊಂದು ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿಯೇ ಇದೆ. ಅದರ ಕಲ್ಲುಗಳ ಮೇಲೆ ಕನ್ನಡದ ಅಕ್ಷರಗಳಿವೆ. ಹೆಸರು ಪಡೆದ ಗಾರೆಯ ಕೊಳವನ್ನೂ, ಹೆಸರಿಲ್ಲದ ಕಲ್ಲಿನ ಕೊಳವನ್ನೂ ಅಕ್ಕಪಕ್ಕದಲ್ಲಿಟ್ಟು, ನಮ್ಮ ಮೆಚ್ಚಿಕೆ ಸಲ್ಲಬೇಕಾದಲ್ಲಿ ಸಂದಿದೆಯೆ ಎಂದು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಇಂದು ವಿಶೇಷವಾದ ಕಾರಣವೂ ಉಂಟು. ಬೆಂಗಳೂರು, ಮೈಸೂರು, ಕೊಡಗು, ಹಂಪೆಗಳ ಸುತ್ತಮುತ್ತ ರಜೆಯ ದಿನಗಳನ್ನು ಕಳೆಯುವುದಕ್ಕಾಗಿಯೇ ಕಟ್ಟುವ ಮನೆಗಳು ಕೆಲವು ವರ್ಷಗಳಿಂದ ಹೆಚ್ಚುತ್ತಿವೆ. ಕೈಕೆಲಸದ ಕಲ್ಲುಕಟ್ಟಡ, ಸ್ವಂತ ತೋಟ, ಸ್ವಂತ ಈಜುಕೊಳ ಎಂಬ ಮೂರು ಮಾತುಗಳು ಇವುಗಳ ಪ್ರಕಟನೆಗಳಲ್ಲಿ ಮಂತ್ರದಂತೆ ಮರಳಿ ಮರಳಿ ಬರುತ್ತವೆ. ಕಮಲಾಪುರದ ಸಮೀಪದಲ್ಲಿಯೇ ಕಮಲ ಮಹಲಿನ ಕಮಾನುಗಳನ್ನು ಅನುಕರಿಸಿದ ವಸತಿಗೃಹ ಎದ್ದಿದೆ. ಈ ಲೇಖಕನ ಉದ್ಯೋಗ ಬ್ಯಾಂಕಿನದು. ಕಟ್ಟಡದ ಸಾಲಕ್ಕಾಗಿ ಬರುವ ಅರ್ಜಿಗಳ ಅಂದಾಜುಪಟ್ಟಿಗಳನ್ನು ಓದುವುದು ಅದರ ಒಂದು ಭಾಗ. ಕಲ್ಲಿನ ಮನೆಯೆಂದು ಹೇಳಿಕೊಂಡ ಕಟ್ಟಡದ ಪಟ್ಟಿಯಲ್ಲಿ ಸಿಮೆಂಟು, ಕಬ್ಬಿಣ, ಕಾಂಕ್ರೀಟುಗಳ ಲೆಕ್ಕವೇ ಬಹುಪಾಲು ಪುಟಗಳನ್ನು ತುಂಬಿ, ಕಲ್ಲು ಎಂಬುದು ಕೊನೆಗೆ ಚದರಡಿಗೆ ಇಷ್ಟು ಎಂದು ‘ಹೊದಿಕೆ’ಯ ಶೀರ್ಷಿಕೆಯ ಕೆಳಗೆ ಬರುವುದನ್ನು ಅನೇಕ ಸಲ ಕಂಡಿದ್ದೇನೆ. ಸಾದಹಳ್ಳಿಯ ಕಲ್ಲೋ ಕಡಪದ ಕಲ್ಲೋ ತೆಳುವಾದ ಹಲಗೆಯಾಗಿ ಗೋಡೆಗೆ ಅಂಟುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಪಟ್ಟಿ ನಿಜವನ್ನೇ ಹೇಳುತ್ತದೆ. ಆದರೆ ಇಂಥ ಮನೆಗಳ ಸಮರ್ಥನೆಗೆ, ನಮ್ಮ ಅರಸರು ಹೀಗೆಯೇ ಕಲ್ಲಿನ ಮನೆಯಲ್ಲಿ ಕೊಳದ ಪಕ್ಕದಲ್ಲಿ ಬಾಳಿದರೆಂದು ಹಂಪೆಯ ಉದಾಹರಣೆಯನ್ನು ಎತ್ತಿದಾಗ, ಆ ಉದಾಹರಣೆಯನ್ನು ಪರೀಕ್ಷಿಸುವ ಹೊಣೆ ವಿದ್ವಾಂಸರ ಮೇಲೆ ಬೀಳುತ್ತದೆ.

ಮೊದಲು ಹೆಸರುಗಳನ್ನು ನೋಡೋಣ. ಹಂಪೆಯಿರುವ ಬಳ್ಳಾರಿ ಸೀಮೆ 1953ನೆಯ ಇಸವಿ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸಿನ ಆಡಳಿತದಲ್ಲಿತ್ತೆಂಬುದು ಈ ನಗರದ ಕನ್ನಡಿಗರಾದ ನಮಗೆ ಮರೆಯಬಾರದ ಸಂಗತಿ. ಆ ಕಾಲದಲ್ಲಿ ಹಂಪೆಯನ್ನು ಹೊರಲೋಕಕ್ಕೆ ಪರಿಚಯಿಸಿದ ಬರೆಹಗಳು ಬಹುಮಟ್ಟಿಗೆ ಈ ಆಡಳಿತದ ಅಧಿಕಾರಿಗಳವು. 1799ರಿಂದ ಕರ್ನಲ್ ಮೆಕೆಂಜಿ ಅಳತೆ ಮಾಡಿಸಿದ. ಮದರಾಸು ಸಿವಿಲ್ ಸರ್ವೀಸಿನ ರಾಬರ್ಟ್ ಸೂಯೆಲ್ 1900ರಲ್ಲಿ ಪೋರ್ಚುಗೀಸ್ ಪ್ರವಾಸಿಗಳ ವೃತ್ತಾಂತಗಳನ್ನು ಇಂಗ್ಲಿಷಿಗೆ ತಂದು ಪ್ರಕಟಿಸಿದ. ದಕ್ಷಿಣ ವಿಭಾಗದ ಪುರಾತತ್ತ್ವಾಧಿಕಾರಿ ಲಾಂಗ್‌ಹರ್ಸ್ಟನ ಹಂಪೆಯ ಕೈಪಿಡಿ 1917ರಲ್ಲಿ ಮದರಾಸಿನ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾಯಿತು. ಪ್ರವಾಸಿಗಳ ಕೈಯಲ್ಲಿ ಬಹುಕಾಲ ತಿರುಗಿದ ಈ ಪುಸ್ತಕಗಳ ಮೂಲಕ ‘ಕ್ವೀನ್ಸ್ ಬಾತ್’, ‘ಲೋಟಸ್ ಮಹಲ್’ ಮುಂತಾದ ಹೆಸರುಗಳು ನೆಲೆಯೂರಿದವು. ನಾವು ಇಂದು ರಾಣಿಯ ಸ್ನಾನಗೃಹ ಎನ್ನುವುದು ಆ ಇಂಗ್ಲಿಷ್ ಹೆಸರಿನ ಭಾಷಾಂತರವೇ ಹೊರತು ವಿಜಯನಗರದ ಕನ್ನಡವಲ್ಲ. ಕಮಲ ಮಹಲಿನ ಗತಿಯೂ ಹೀಗೆಯೇ: 1800ರ ಸುಮಾರಿನ ನಕ್ಷೆಯಲ್ಲಿ ಅದು ಮಂತ್ರಾಲೋಚನೆಯ ಮಂದಿರವಾಗಿದೆ, ಸ್ಥಳೀಯರ ಬಾಯಲ್ಲಿ ಅದಕ್ಕೆ ಚಿತ್ರಾಂಗಿಣಿ ಮಹಲು ಎಂಬ ಹೆಸರೂ ಉಂಟು. ರಾಜ್ಯಕಾರ್ಯಗಳ ಮಂತ್ರಾಲೋಚನೆ ನಡೆದಿರಬಹುದಾದ ಕಟ್ಟಡವನ್ನು ಅಂತಃಪುರದ ಸ್ತ್ರೀಯರ ವಿಲಾಸಕ್ಕೆ ಮೀಸಲಿಟ್ಟವರು ಪ್ರವಾಸಿಗಳ ಕುತೂಹಲವನ್ನು ತಣಿಸಿದರೇ ಹೊರತು ಚರಿತ್ರೆಗೆ ಉಪಕಾರ ಮಾಡಲಿಲ್ಲ.

ಸ್ನಾನಗೃಹವೆಂಬ ಕಟ್ಟಡದ ಸ್ವರೂಪ ಇದು. ಹೊರಗಿನಿಂದ ನೋಡಿದರೆ ಅಲಂಕಾರವಿಲ್ಲದ ಚಚ್ಚೌಕದ ಗೋಡೆ. ಅದರ ಸುತ್ತ ಕಂದಕ. ಸಣ್ಣ ಸೇತುವೆಯನ್ನು ದಾಟಿ ಒಳಹೊಕ್ಕರೆ ನಾಲ್ಕೂ ಕಡೆ ಕಮಾನಿನ ಮೊಗಸಾಲೆ. ನಡುವೆ ಆಕಾಶಕ್ಕೆ ತೆರೆದ, ಪಕ್ಕಕ್ಕೆ ಸುಮಾರು 15 ಮೀಟರು ಉದ್ದದ, ಆಳುದ್ದದ ಕೊಳ. ಮೊಗಸಾಲೆಯಿಂದ ನೀರಿನ ಮೇಲಕ್ಕೆ ಚಾಚಿಕೊಂಡ ಗವಾಕ್ಷಗಳಿವೆ. ಮೊಗಸಾಲೆಯ ಒಂದೊಂದು ಅಂಕಣದ ಮೇಲ್ಛಾವಣಿಯಲ್ಲಿಯೂ ಗಾರೆಯ ಕೆಲಸ ಬೇರೆ ಬೇರೆಯಾಗಿದೆ. ಹೊರಗೆ ಬರಿದು, ಒಳಗೆ ಸಿರಿ. ಇದು ಬಹಮನಿ ರಾಜ್ಯದ ನಗರಗಳಲ್ಲಿ ಪಕ್ವವಾದ ಶೈಲಿಯನ್ನು ಅರಿತ ಕೆಲಸಗಾರರ ಕೈವಾಡ ಎಂಬುದರಲ್ಲಿ ಸಂದೇಹವಿಲ್ಲ. ವಿಜಯನಗರದ ಅರಸರು ದೇವರಿಗೆ ಒಂದು ಶೈಲಿಯನ್ನೂ ತಮಗೆ ಇನ್ನೊಂದು ಶೈಲಿಯನ್ನೂ ಆರಿಸಿಕೊಂಡರೆಂಬುದೇ ಗಮನಾರ್ಹ. ಉತ್ತರದ ಸುಲ್ತಾನರೊಡನೆ ರಣರಂಗದಲ್ಲಿ ಸೆಣಸುತ್ತಿದ್ದವರು ವಿಶ್ರಾಂತಿಗೆ ಅವರದೇ ಕಮಾನುಗಳ ಕೆಳಗೆ ಕುಳಿತರು. ಈ ಕಟ್ಟಡವನ್ನು ನಾನು ಹಗುರಾಗಿ ಕಾಣುವವನಲ್ಲ. ಗಾರೆಯಲ್ಲಿ ಇಷ್ಟು ಹದವರಿತು ಕೆಲಸ ಮಾಡುವುದು ಸಾಮಾನ್ಯವಲ್ಲ. ಕಪ್ಪೆಚಿಪ್ಪಿನ ಸುಣ್ಣವನ್ನು ಅಮೃತಶಿಲೆಯಂತೆ ಹೊಳೆಯಿಸಿದ ಮದರಾಸಿನ ಗಾರೆ ಒಂದು ಕಾಲಕ್ಕೆ ಲೋಕಪ್ರಸಿದ್ಧವಾಗಿತ್ತು. 1768ರಲ್ಲಿ ಎದ್ದ ಚೇಪಾಕದ ಅರಮನೆಯನ್ನೂ, ಕಂಪೆನಿಯ ದೊರೆಗಳ ತೋಟದ ಬಂಗಲೆಗಳನ್ನೂ ಬಲ್ಲ ಈ ಊರಿನವರಿಗೆ ಸುಣ್ಣದ ಮಹಿಮೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆಕ್ಷೇಪವಿರುವುದು ಗಾರೆಯನ್ನು ಕಲ್ಲೆಂದು ಹೊಗಳುವುದಕ್ಕೆ ಮಾತ್ರ. ಗಾರೆಯ ಗುಣಗಳೇ ಬೇರೆ. ಅದು ಬಾಗುತ್ತದೆ, ತಿದ್ದಿಸಿಕೊಳ್ಳುತ್ತದೆ, ಒಳಗಿನ ಒರಟನ್ನು ಮುಚ್ಚುತ್ತದೆ. ಅಂಕಣ ಅಂಕಣಕ್ಕೂ ವಿನ್ಯಾಸವನ್ನು ಬದಲಿಸುವ ಲಹರಿ ಅದಕ್ಕೆ ಸಾಧ್ಯ. ಕಲ್ಲು ಇಂಥ ಲಹರಿಗೆ ಸುಲಭವಾಗಿ ಒಗ್ಗುವುದಿಲ್ಲ.

ಇನ್ನು ‘ಸ್ನಾನ’ ಎಂಬ ಪದ. ಇದರ ನಿರ್ಣಯಕ್ಕೆ ನಮ್ಮಲ್ಲಿಯೇ ಒಂದು ಒಳ್ಳೆಯ ಆಧಾರವಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ಕ್ರಿ.ಶ. 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸ, ಸಂಸ್ಕೃತದಲ್ಲಿದ್ದರೂ ಕನ್ನಡನಾಡಿನ ಅರಮನೆಯ ಜೀವನದ ಕೋಶ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ಅದನ್ನು ವಿಂಗಡಿಸಿದೆ. ಸ್ನಾನ ಬರುವುದು ಮೂರನೆಯದಾದ ಉಪಭೋಗ ವಿಂಶತಿಯಲ್ಲಿ; ಗೃಹ, ತಾಂಬೂಲ, ವಿಲೇಪನ, ವಸ್ತ್ರ, ಮಾಲ್ಯಗಳ ಜೊತೆಯಲ್ಲಿ. ನೀರಾಟ ಬರುವುದು ಐದನೆಯದಾದ ಕ್ರೀಡಾ ವಿಂಶತಿಯಲ್ಲಿ. ಕೃತಕ ಗಿರಿಯ ವಿಹಾರ, ವನಕ್ರೀಡೆ, ಉಯ್ಯಾಲೆ, ಬೆಳದಿಂಗಳ ವಿಹಾರ ಮುಂತಾದುವುಗಳ ನಡುವೆ. ಅಂದರೆ ಸ್ನಾನ ಬೇರೆ, ನೀರಾಟ ಬೇರೆ. ಒಂದು ನಿತ್ಯದ ದೇಹಸಂಸ್ಕಾರ. ಇನ್ನೊಂದು ಪರಿವಾರದೊಡನೆ ಆಡುವ ಆಟ. ಎಣ್ಣೆ, ಬಿಸಿನೀರು, ಪರಿಮಳಗಳ ಸ್ನಾನಕ್ಕೆ 15 ಮೀಟರಿನ ತಣ್ಣೀರ ಕೊಳವಾಗಲಿ ಸುತ್ತ ಗವಾಕ್ಷಗಳಾಗಲಿ ಬೇಕಾಗಿಲ್ಲ. ಈ ಕಟ್ಟಡ ಎರಡನೆಯ ವರ್ಗಕ್ಕೆ ಸೇರಿದುದೆಂದು ಅದರ ರೂಪವೇ ಹೇಳುತ್ತದೆ. ರಾಣಿಯ ಹೆಸರಿಗೂ ಆಧಾರ ಸಾಲದು. ಅರಸನೂ ಪರಿವಾರವೂ ಬಳಸುತ್ತಿದ್ದ ಕೊಳವೆಂದು ತಿಳಿದರೆ ಬಾಧಕವಿಲ್ಲ. ಆದುದರಿಂದ ಇದನ್ನು ಕ್ರೀಡಾಕೊಳ ಎಂದರೆ ಸಾಕು, ಅಷ್ಟೇ ಸರಿ.

ಇಲ್ಲಿ ಕಾವ್ಯಪಕ್ಷಪಾತಿಗಳು ನಮ್ಮ ಕವಿಗಳ ಜಲಕ್ರೀಡೆಯನ್ನು ನೆನಪಿಗೆ ತರುವರು. ಉದ್ಯಾನ, ಸಲಿಲಕ್ರೀಡೆಗಳು ಮಹಾಕಾವ್ಯದ ವರ್ಣನಾಂಗಗಳೆಂದು ದಂಡಿ ಹೇಳಿದ ಮೇಲೆ ಪಂಪನಿಂದ ಮೊದಲುಗೊಂಡು ನಮ್ಮ ಚಂಪೂಕವಿಗಳು ಅವನ್ನು ಬಿಡಲಿಲ್ಲ. ಆದರೆ ಆ ವರ್ಣನೆಗಳನ್ನು ಕಟ್ಟಡದ ಸಾಕ್ಷ್ಯವಾಗಿ ಹಿಡಿಯುವುದು ಅಪಾಯಕರ. ಕಾವ್ಯದ ಜಲಕ್ರೀಡೆ ಬಹುಮಟ್ಟಿಗೆ ವನವಿಹಾರದಿಂದ ದಣಿದು ಬಂದವರು ತೆರೆದ ಕೊಳಕ್ಕೋ ಹೊಳೆಗೋ ಇಳಿಯುವ ಕ್ರಮದಲ್ಲಿ ನಡೆಯುತ್ತದೆ. ಗೋಡೆ, ಕಂದಕ, ಸೇತುವೆಗಳ ಗೊಡವೆ ಅದಕ್ಕಿಲ್ಲ. ಕವಿಯ ಕಲ್ಲು ಚಂದ್ರಕಾಂತಶಿಲೆ. ಬೆಳದಿಂಗಳು ಬಿದ್ದರೆ ಅದು ತಾನೇ ನೀರನ್ನು ಒಸರುತ್ತದೆ, ಕಾಲುವೆ ತೋಡುವ ಕಷ್ಟವೂ ಇಲ್ಲ. ಅಲ್ಲದೆ, ಕನ್ನಡ ಕಾವ್ಯದಲ್ಲಿ ಓದುಗರ ಮನಸ್ಸಿನಲ್ಲಿ ನಿಲ್ಲುವ ಕೊಳ ಯಾವುದು ಎಂದು ಕೇಳಿದರೆ, ಅದು ಯಾವ ವಿಹಾರದ ಕೊಳವೂ ಅಲ್ಲ. ರನ್ನನ ದುರ್ಯೋಧನ ಅಡಗಿದ ವೈಶಂಪಾಯನ ಸರೋವರ. ವಿಹಾರಕೊಳದ ನಿಜವನ್ನು ತಿಳಿಯಲು ಹೊರಟವನು ಕಾವ್ಯಕ್ಕಿಂತ ಚಾವುಂಡರಾಯನ ಲೋಕೋಪಕಾರದಂಥ ಗ್ರಂಥದ ಕಡೆಗೆ ತಿರುಗುವುದು ಲೇಸು. ಕ್ರಿ.ಶ. 1025ರ ಸುಮಾರಿನ ಈ ಕನ್ನಡ ಗ್ರಂಥ ನೆಲದಲ್ಲಿ ನೀರನ್ನು ಕಂಡುಹಿಡಿಯುವ ಬಗೆ, ಗಿಡಮರಗಳ ಪೋಷಣೆ, ವಾಸ್ತು ಇವುಗಳನ್ನು ಗೃಹಸ್ಥನಿಗೆ ಬೇಕಾದ ವಿದ್ಯೆಗಳೆಂದು ಒಟ್ಟಿಗೆ ಹೇಳುತ್ತದೆ. ಮನೆ, ತೋಟ, ನೀರು ಇವು ಒಂದೇ ಕೈಯ ವಿಷಯವೆಂದು ತಿಳಿದವರ ಪುಸ್ತಕ ಅದು.

ಹಾಗಾದರೆ ನಮ್ಮ ಪೂರ್ವಿಕರು ಸುಖವಾಸಕ್ಕೆ ಕಲ್ಲಿನ ಮನೆಯನ್ನು ಕಟ್ಟಲಿಲ್ಲವೆ? ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಕಲ್ಲು ದೇವರದು, ಮನುಷ್ಯ ವಾಸಿಸಿದ್ದು ಮರ, ಮಣ್ಣು, ಇಟ್ಟಿಗೆಗಳಲ್ಲಿ. ಹಂಪೆಯ ಅರಮನೆಗಳಲ್ಲಿ ಇಂದು ಉಳಿದಿರುವುದು ಕಲ್ಲಿನ ಜಗತಿಗಳು ಮಾತ್ರ. ಕಮಲ ಮಹಲಿರುವ ಆವರಣದಲ್ಲಿಯೇ ಒಂದು ದೊಡ್ಡ ಅರಮನೆಯ ತಳಗಟ್ಟೂ, ಸುತ್ತ ನೀರು ನಿಲ್ಲುವಂತೆ ಮಾಡಿದ್ದ ಜಲಮಹಲೆಂಬುದರ ಪಾಯವೂ ಕಾಣುತ್ತವೆ, ಮೇಲಿದ್ದುದೆಲ್ಲ ಹೋಗಿದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೇಸ್ ಎಂಬ ಪೋರ್ಚುಗೀಸನು ಅರಮನೆಯಲ್ಲಿ ದಂತದಿಂದ ಅಲಂಕರಿಸಿದ ಕೋಣೆಯನ್ನು ಕಂಡು ಬೆರಗಾದ. ಆ ಕೋಣೆಯ ಗುರುತೂ ಇಂದಿಲ್ಲ. 1565ರ ನಂತರದ ಬೆಂಕಿಗೆ ಮರದ ಕಂಬಗಳೂ ಉಪ್ಪರಿಗೆಗಳೂ ಆಹುತಿಯಾದವು. ಈ ಸಂಪ್ರದಾಯ ಮುಂದೆಯೂ ನಡೆಯಿತು. ಶ್ರೀರಂಗಪಟ್ಟಣದ ತೋಟದ ನಡುವೆ 1784ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ದರಿಯಾ ದೌಲತ್, ಬೆಂಗಳೂರಿನಲ್ಲಿ 1791ರಲ್ಲಿ ಮುಗಿದ ಬೇಸಗೆಯ ಅರಮನೆ, ಎರಡರ ಕಂಬಗಳೂ ಕಮಾನುಗಳೂ ತೇಗದ ಮರದವು. ಬೇಸಗೆಯನ್ನು ಕಳೆಯಲು ಮರವೇ ಹಿತವೆಂದು ಅವರಿಗೆ ಗೊತ್ತಿತ್ತು. ಹಗಲೆಲ್ಲ ಕಾದ ಕಲ್ಲು ಇರುಳೆಲ್ಲ ಕಾವನ್ನು ಬಿಡುತ್ತದೆಂಬುದನ್ನು ಬಳ್ಳಾರಿಯ ಕಡೆಯವರಿಗೆ ಹೇಳಬೇಕಾಗಿಲ್ಲ.

ನಮ್ಮ ನಾಡಿನಲ್ಲಿ ರಜೆಯ ಮನೆ ಎಂಬ ಮಾತಿಗೆ ಪೂರ್ಣವಾಗಿ ಒಪ್ಪುವ ಸ್ಥಳವೊಂದನ್ನು ಹೇಳಬೇಕಾದರೆ ಅದು ಹಂಪೆಯಲ್ಲ, ಕುಮಟಗಿ. ವಿಜಯಪುರದಿಂದ ಪೂರ್ವಕ್ಕೆ ಕೆಲವೇ ಮೈಲಿಗಳ ದೂರದಲ್ಲಿ, ಕೆರೆಯ ಬದಿಯಲ್ಲಿ, ಆದಿಲಶಾಹಿ ಅರಸರು ಕಟ್ಟಿಸಿಕೊಂಡ ಬಿಡದಿ ಅದು. ನೀರಿನ ನಡುವೆ ಮಂಟಪಗಳು; ಎತ್ತರದ ತೊಟ್ಟಿಗೆ ನೀರನ್ನೇರಿಸಿ, ನಳಿಗೆಗಳಲ್ಲಿ ಹರಿಸಿ, ಕಾರಂಜಿಗಳಲ್ಲಿ ಚಿಮ್ಮಿಸುವ, ಮೇಲಿನಿಂದ ತುಂತುರಾಗಿ ಸುರಿಸುವ ಏರ್ಪಾಡು; ಗೋಡೆಗಳ ಮೇಲೆ ಕುದುರೆಯ ಮೇಲಿನ ಚೆಂಡಾಟ, ಕುಸ್ತಿ ಮುಂತಾದುವುಗಳ ಚಿತ್ರಗಳು. ಚಿತ್ರಗಳು ಬಹಳ ಮಾಸಿಹೋಗಿವೆ. ಬಿಜಾಪುರದ ವಾಸ್ತುವನ್ನು ಕುರಿತು ಬರೆದ ಕಸೆನ್ಸನು ಇದನ್ನು ವಿವರವಾಗಿ ನೋಡಿದ್ದ. ಹಂಪೆಗೆ ಹೋಗುವವರಲ್ಲಿ ನೂರಕ್ಕೆ ಒಬ್ಬರಾದರೂ ಕುಮಟಗಿಯನ್ನು ಕಂಡಿರುವರೆಂದು ನನಗೆ ತೋರುವುದಿಲ್ಲ. ಅಲ್ಲಿಯೂ ಜಾಣ್ಮೆಯೆಲ್ಲ ವಾಸದ ಕೋಣೆಗಳಲ್ಲಿಲ್ಲ; ನೀರನ್ನು ನಡೆಸಿದ ರೀತಿಯಲ್ಲಿದೆ.

ಈ ಮಾತನ್ನು ಹಿಡಿದು ಹಂಪೆಯ ಎರಡನೆಯ ಕೊಳಕ್ಕೆ ಬರಬಹುದು. ಮಹಾನವಮಿ ದಿಬ್ಬವಿರುವ ಅರಮನೆಯ ಆವರಣದಲ್ಲಿ 1980ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಮಣ್ಣಿನಡಿಯಿಂದ ಹೊರಬಂದ ಮೆಟ್ಟಿಲುಗೊಳ ಇದು. ಲಾಂಗ್‌ಹರ್ಸ್ಟನಿಗಾಗಲಿ ಸೂಯೆಲನಿಗಾಗಲಿ ಇದರ ದರ್ಶನವಾಗಲಿಲ್ಲ. ಆದುದರಿಂದಲೇ ಇದಕ್ಕೆ ರಾಣಿಯ ಹೆಸರು ಅಂಟಲಿಲ್ಲ ಎನ್ನಬಹುದು. ಪಕ್ಕಕ್ಕೆ ಸುಮಾರು 22 ಮೀಟರು, ಆಳ ಸುಮಾರು 7 ಮೀಟರು. ಐದು ಅಂತಸ್ತುಗಳಾಗಿ ಕೆಳಕ್ಕೆ ಇಳಿಯುತ್ತದೆ. ಒಂದೊಂದು ಅಂತಸ್ತಿನಲ್ಲಿಯೂ ಸಣ್ಣ ಸಣ್ಣ ಸೋಪಾನಗಳ ಗುಂಪುಗಳು ಗೋಪುರಾಕಾರವಾಗಿ ಸಾಲುಗೊಂಡಿವೆ. ಕಲ್ಲು ಹಂಪೆಯ ಬೆಟ್ಟಗಳ ಕಣಶಿಲೆಯಲ್ಲ. ಭೂವಿಜ್ಞಾನಿಗಳು ಕ್ಲೋರೈಟ್ ಶಿಸ್ಟ್ ಎನ್ನುವ, ಹೊಯ್ಸಳ ಶಿಲ್ಪಿಗಳಿಗೆ ಪ್ರಿಯವಾಗಿದ್ದ ಶಿಲೆಯ ಜಾತಿಗೆ ಸೇರಿದ, ಕಪ್ಪುಹಸಿರಿನ ನುಣುಪಾದ ಕಲ್ಲು. ಬೇರೆಡೆ ಸಿದ್ಧಪಡಿಸಿ ಇಲ್ಲಿಗೆ ತಂದು ಜೋಡಿಸಿದುದೆಂಬುದು ವಿದ್ವಾಂಸರ ಅಭಿಪ್ರಾಯ. ಇದಕ್ಕೆ ಆಧಾರ ಕಲ್ಲುಗಳ ಮೇಲೆಯೇ ಇದೆ. ಯಾವ ದಿಕ್ಕಿನ ಪಕ್ಕ, ಎಷ್ಟನೆಯ ಸಾಲು, ಸಾಲಿನಲ್ಲಿ ಎಷ್ಟನೆಯ ಸ್ಥಾನ ಎಂಬುದನ್ನು ಸೂಚಿಸುವ ಗುರುತುಗಳನ್ನು ಕನ್ನಡದಲ್ಲಿ ಕೊರೆದಿದ್ದಾರೆ.

ಈ ಗುರುತುಗಳ ಮಹತ್ವವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ನಾಲ್ಕು ಪಕ್ಕಗಳೂ ಒಂದೇ ಬಗೆಯಾಗಿ, ಒಂದೇ ಆಕಾರದ ಸೋಪಾನಗಳು ಮರಳಿ ಮರಳಿ ಬರುವ ಕಟ್ಟಡದಲ್ಲಿ ಕಲ್ಲುಗಳು ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತವೆ. ಆದರೆ ಕೈಯಿಂದ ಕಡೆದ ಕಲ್ಲುಗಳಲ್ಲಿ ಎರಡು ಒಂದೇ ಅಳತೆಗೆ ಬರುವುದಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟರೆ ಸಾಲೆಲ್ಲ ಕೆಡುತ್ತದೆ. ಆದುದರಿಂದ ಮೊದಲು ಒಂದು ಕಡೆ ಜೋಡಿಸಿ ನೋಡಿ, ಗುರುತು ಹಾಕಿ, ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸಿದ್ದಾರೆ. ಗುರುತು ಕೊರೆದವನು ಒಬ್ಬ, ಓದಿ ಕೂರಿಸಿದವನು ಇನ್ನೊಬ್ಬ ಆಗಿದ್ದಿರಬೇಕು. ಇಬ್ಬರೂ ಒಬ್ಬನೇ ಆಗಿದ್ದರೆ ಇಷ್ಟು ಕ್ರಮಬದ್ಧವಾದ ಸಂಕೇತ ಬೇಕಾಗುತ್ತಿರಲಿಲ್ಲ. ಎಂದರೆ ಕಲ್ಲುಕುಟಿಗರಲ್ಲಿ ಅಕ್ಷರವನ್ನೂ ಅಂಕಿಯನ್ನೂ ಬಲ್ಲವರಿದ್ದರು. ಅವರ ನಡುವಣ ವ್ಯವಹಾರ ಕನ್ನಡದಲ್ಲಿ ನಡೆಯಿತು. ಆಸ್ಥಾನದಲ್ಲಿ ಸಂಸ್ಕೃತ, ತೆಲುಗು, ಕನ್ನಡ, ತಮಿಳುಗಳಿಗೆಲ್ಲ ಮನ್ನಣೆಯಿದ್ದ ರಾಜಧಾನಿಯಲ್ಲಿ ಈ ಸಂಗತಿ ಸಣ್ಣದಲ್ಲ.

ನಮ್ಮ ಸಾಹಿತ್ಯಚರಿತ್ರೆಗಳು ದಾನಶಾಸನಗಳನ್ನು ಲೆಕ್ಕಕ್ಕೆ ಹಿಡಿದಿವೆ, ವೀರಗಲ್ಲುಗಳನ್ನು ಹಿಡಿದಿವೆ. ಬೇಲೂರಿನ ದಾಸೋಜ, ಸೋಮನಾಥಪುರದ ಮಲ್ಲಿತಮ್ಮ ಮುಂತಾದ ರೂವಾರಿಗಳ ಸಹಿಗಳನ್ನೂ ಪ್ರೀತಿಯಿಂದ ಎಣಿಸಿವೆ. ಇದು ಉಚಿತವೇ. ಆದರೆ ಸಹಿ ಎಂಬುದು ಕೀರ್ತಿಗಾಗಿ ಬರೆದದ್ದು; ಕೊಳದ ಗುರುತು ಕೆಲಸಕ್ಕಾಗಿ ಬರೆದದ್ದು. ಪೂರ್ತಿ ನೀರು ತುಂಬಿದಾಗ ಅದು ಕಾಣುವಂತೆಯೂ ಇಲ್ಲ. ದೊಡ್ಡ ವ್ಯಾಪಾರಿಯ ಲೆಕ್ಕದ ಪುಸ್ತಕದಲ್ಲಿ ಮಂಗಳಶ್ಲೋಕವನ್ನು ಓದಿ ಪುಟಸಂಖ್ಯೆಯನ್ನು ಬಿಟ್ಟುಬಿಡುವವನು ಲೆಕ್ಕಿಗನಾಗಲಾರ. ನಮ್ಮಲ್ಲಿ ಇಂಥ ಪುಟಸಂಖ್ಯೆಗಳಿಗೆ ಇನ್ನೂ ಸಂಗ್ರಾಹಕರು ಒದಗಬೇಕಾಗಿದೆ. ಕನ್ನಡ ಬರಿಯ ಕಾವ್ಯದ ಭಾಷೆಯಾಗಿರಲಿಲ್ಲ, ಯಂತ್ರ ತಂತ್ರಗಳ ಭಾಷೆಯೂ ಆಗಿತ್ತೆಂದು ವೇದಿಕೆಯ ಮೇಲೆ ಸಾರುವವರು ಈ ಕೊಳದ ಬಳಿಗೆ ಬಂದು ಒಂದು ದಿನ ಕುಳಿತರೆ ಅವರ ಮಾತಿಗೆ ಬಲ ಬರುತ್ತದೆ.

ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಈ ಮೆಟ್ಟಿಲುಗೊಳ ವಿಹಾರಕ್ಕಾಗಿ ಆದುದಲ್ಲ, ಧಾರ್ಮಿಕ ವಿಧಿಗಳಿಗಾಗಿ ಆದ ಪುಷ್ಕರಿಣಿ. ಆದುದರಿಂದ ಕ್ರೀಡಾಕೊಳದೊಡನೆ ಇದರ ಹೋಲಿಕೆ ಸಲ್ಲದೆಂದು ಕೆಲವರು ಹೇಳಬಹುದು. ಮಹಾನವಮಿಯ ಉತ್ಸವಗಳು ನಡೆಯುತ್ತಿದ್ದ ಆವರಣದಲ್ಲಿರುವುದರಿಂದ ಆ ಅಭಿಪ್ರಾಯಕ್ಕೆ ಪುಷ್ಟಿಯಿದೆಯೆಂದು ನಾನೂ ಒಪ್ಪುತ್ತೇನೆ. ಆದರೆ ಇದು ನನ್ನ ವಾದವನ್ನು ಮುರಿಯುವುದಿಲ್ಲ, ಬೆಳೆಸುತ್ತದೆ. ವಿಹಾರಕ್ಕಾದದ್ದು ಕಲ್ಲಲ್ಲ, ಕಲ್ಲಾದದ್ದು ವಿಹಾರಕ್ಕಲ್ಲ. ಹಂಪೆಯ ಅರಸರು ವಿನೋದಕ್ಕೆ ಬೇಗ ಏಳುವ, ಬೇಕೆಂದಂತೆ ಬದಲಿಸಬಹುದಾದ ಗಾರೆಯನ್ನು ಬಳಸಿದರು. ಬಹುಕಾಲ ನಿಲ್ಲಬೇಕೆಂದು ಬಯಸಿದಲ್ಲಿ ದೂರದಿಂದ ಕಲ್ಲನ್ನು ತರಿಸಿದರು. ಕಲ್ಲಿನ ವಿಹಾರಗೃಹವೆಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಎರಡು ಮಾತುಗಳನ್ನು ಅವರು ಬೇರೆ ಬೇರೆಯಾಗಿಯೇ ಇಟ್ಟಿದ್ದರು.

ಇನ್ನು ಉಳಿದುದು ಸ್ವಂತ ಕೊಳ ಎಂಬುದರಲ್ಲಿಯ ‘ಸ್ವಂತ’. ಎರಡು ಕೊಳಗಳಿಗೂ ನೀರು ತಾನಾಗಿ ಬರಲಿಲ್ಲ. ಕ್ರೀಡಾಕೊಳಕ್ಕೆ ಕಾಲುವೆಯಿದೆ, ಮೆಟ್ಟಿಲುಗೊಳದ ಅಂಚಿಗೆ ಕಲ್ಲಿನ ಕಂಬಗಳ ಮೇಲೆ ಹೊತ್ತು ತಂದ ಕಲ್ಲುದೋಣಿಯ ನಾಲೆಯನ್ನು ಇಂದೂ ಕಾಣಬಹುದು. 1443ರಲ್ಲಿ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ನಗರದಲ್ಲಿ ಕಡೆದು ನಯಗೊಳಿಸಿದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಈ ನೀರಿನ ಹಿಂದೆ ಕಮಲಾಪುರದ ಕೆರೆಯಿತ್ತು. ಅದೇ ಕೆರೆಯ ಕೆಳಗೆ ಗದ್ದೆಗಳೂ ಇದ್ದವು. ತುಂಗಭದ್ರೆಗೆ ಅಡ್ಡಗಟ್ಟೆಗಳನ್ನಿಟ್ಟು ತಿರುಗಿಸಿದ ತುರ್ತು ಕಾಲುವೆ ಮುಂತಾದ ಆ ಕಾಲದ ಕಾಲುವೆಗಳಲ್ಲಿ ಕೆಲವು ಇಂದಿಗೂ ಬಾಳೆ ಬತ್ತಗಳಿಗೆ ನೀರುಣಿಸುತ್ತಿವೆ. ಅರಮನೆಯ ಕೊಳ ಎಂಬುದು ಊರಿನ ನೀರಿನಿಂದ ತೆಗೆದುಕೊಂಡ ಒಂದು ಬೊಗಸೆ. ಬೊಗಸೆಯನ್ನು ತೆಗೆದುಕೊಳ್ಳುವ ಮೊದಲು ಕೆರೆಯನ್ನು ಕಟ್ಟಿದರು ಎಂಬುದು ಅವರ ಪರವಾಗಿ ಹೇಳಬೇಕಾದ ಮಾತು. ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ದಿನವೂ ಸಾವಿರ ಮಂದಿ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುದನ್ನು ಹೇಳುತ್ತದೆ. ಪೆನುಕೊಂಡೆಗೆ ನೀರು ತರಲು ನೇಮಕವಾದ ಸಿಂಗಾಯಭಟ್ಟನನ್ನು 1388ರ ಶಾಸನ ಜಲಸೂತ್ರದವನೆಂದು ಕರೆಯುತ್ತದೆ. ಕ್ರೀಡಾಕೊಳವನ್ನು ಕಟ್ಟಿದವನ ಹೆಸರು ಯಾವ ಶಾಸನದಲ್ಲಿಯೂ ಬಂದಿಲ್ಲ. ಬರಬೇಕೆಂದು ಆ ಕಾಲದವರಿಗೆ ತೋರಲೂ ಇಲ್ಲ. ಶಾಸನಕ್ಕೆ ಯೋಗ್ಯವಾದುದು ಕೆರೆ.

ತ್ಯಾಗರಾಯನಗರದಲ್ಲಿ ಕುಳಿತು ಈ ಮಾತುಗಳನ್ನು ಬರೆಯುವಾಗ ಅವುಗಳ ಅರ್ಥ ಇನ್ನಷ್ಟು ಹತ್ತಿರವಾಗುತ್ತದೆ. ಕರ್ನಾಟಕ ಸಂಘದ ಶಾಲೆಯೂ ಕನ್ನಡಿಗರ ಅನೇಕ ಮನೆಗಳೂ ಇರುವ ಈ ಬಡಾವಣೆ 1920ರ ದಶಕದಲ್ಲಿ ರೂಪುಗೊಂಡು, ಮೈಲಾಪುರ ನುಂಗಂಬಾಕಗಳ ನಡುವೆ ಚಾಚಿಕೊಂಡಿದ್ದ ದೊಡ್ಡ ಕೆರೆಯನ್ನು ಬತ್ತಿಸಿದ ನೆಲದ ಮೇಲೆ ಬೆಳೆಯಿತು. ಪಶ್ಚಿಮ ಮಾಂಬಲದಲ್ಲಿ ಲೇಕ್ ವ್ಯೂ ರಸ್ತೆ ಇಂದೂ ಇದೆ, ಕಾಣುವುದಕ್ಕೆ ಕೆರೆ ಮಾತ್ರ ಇಲ್ಲ. ಮೊದಲ ಕಾಲದ ಮನೆಗಳಿಗೆ ಸುತ್ತ ತೋಟವೂ ಹಿತ್ತಿಲಲ್ಲಿ ಬಾವಿಯೂ ಇದ್ದವು. ಸ್ವಂತ ತೋಟ, ಸ್ವಂತ ನೀರು ಎಂಬ ಆಸೆಯೇ ಈ ಬಡಾವಣೆಯನ್ನು ಕಟ್ಟಿತು. 2019ರ ಬೇಸಗೆಯಲ್ಲಿ ನಗರಕ್ಕೆ ನೀರೊದಗಿಸುವ ಜಲಾಶಯಗಳು ಬತ್ತಿದಾಗ ಲಾರಿಯ ನೀರಿಗಾಗಿ ಕೊಡಗಳ ಸಾಲು ನಿಂತಿತು. 2021ರ ನವೆಂಬರಿನ ಮಳೆಯಲ್ಲಿ ಅದೇ ಬೀದಿಗಳಲ್ಲಿ ಮೊಣಕಾಲುದ್ದದ ನೀರು ನಿಂತಿತು. ಕೆರೆಯನ್ನು ಕಟ್ಟಿ ಕೊಳವನ್ನು ತೋಡಿದವರಿಗೂ, ಕೆರೆಯನ್ನು ಮುಚ್ಚಿ ಬಾವಿಯನ್ನು ತೋಡಿದವರಿಗೂ ಇರುವ ಅಂತರ ಇದು. ಇಂದಿನ ರಜೆಯ ಮನೆಗಳ ಅಂದಾಜುಪಟ್ಟಿಗಳಲ್ಲಿ ಕೊಳದ ಹೆಂಚಿಗೆ ಒಂದು ಸಾಲು, ನೀರನ್ನು ಶೋಧಿಸುವ ಯಂತ್ರಕ್ಕೆ ಒಂದು ಸಾಲು, ಕೊಳವೆಬಾವಿಗೆ ಒಂದು ಸಾಲು ಇರುತ್ತದೆ. ಆ ಬಾವಿಗೆ ನೀರು ಎಲ್ಲಿಂದ ಬರಬೇಕೆಂಬುದಕ್ಕೆ ಸಾಲು ಇರುವುದಿಲ್ಲ.

ಕೊನೆಯದಾಗಿ ಶಾಸನತಜ್ಞರ ಅವಗಾಹನೆಗೆ ಒಂದು ಸೂಚನೆ. ಮೆಟ್ಟಿಲುಗೊಳದ ಕಲ್ಲುಗಳು ಹೊಸದಾಗಿ ಕಡೆದು ತಂದವೋ, ಅಥವಾ ಹಿಂದಿನ ಕಾಲದ ಕೊಳವೊಂದನ್ನು ಬಿಚ್ಚಿ ತಂದವೋ ಎಂಬ ಪ್ರಶ್ನೆಯನ್ನು ಇದುವರೆಗೆ ಶೈಲಿಯ ಆಧಾರದಿಂದಲೇ ಚರ್ಚಿಸುತ್ತ ಬಂದಿದ್ದಾರೆ. ಅಕ್ಷರಗಳಿಂದ ಇದನ್ನು ಪರೀಕ್ಷಿಸಬಹುದು. ಗುರುತುಗಳ ಲಿಪಿ ಹದಿನೈದು ಹದಿನಾರನೆಯ ಶತಮಾನದ್ದಾಗಿದ್ದು ಕಲ್ಲಿನ ಕೆಲಸ ಅದಕ್ಕಿಂತ ಹಳೆಯದಾಗಿ ಕಂಡರೆ, ಗುರುತುಗಳನ್ನು ಬಿಚ್ಚುವಾಗ ಹಾಕಿದರೆಂದು ಹೇಳಬೇಕಾಗುತ್ತದೆ. ಲಿಪಿಯೂ ಹಳೆಯದಾಗಿದ್ದರೆ ಮೊದಲ ಜೋಡಣೆಯ ಗುರುತುಗಳನ್ನೇ ಎರಡನೆಯ ಸಲವೂ ಬಳಸಿಕೊಂಡರೆಂದು ತಿಳಿಯಬಹುದು. ಒಂದೆರಡು ಅಕ್ಷರಗಳ ಸಂಕೇತಗಳಲ್ಲಿ ಲಿಪಿಯ ಕಾಲವನ್ನು ಹೇಳುವುದು ಕಷ್ಟವೆಂಬುದು ನಿಜ. ಆದರೆ ಇವುಗಳಲ್ಲಿ ಸ್ಥಾನವನ್ನು ಸೂಚಿಸುವ ಅಂಕಿಗಳು ಹೇರಳವಾಗಿವೆ. ಕನ್ನಡದ ಅಂಕಿಗಳ ರೂಪ ಶತಮಾನದಿಂದ ಶತಮಾನಕ್ಕೆ ಬದಲಾಗಿರುವುದನ್ನು ಕಾಲ ನಮೂದಾದ ಶಾಸನಗಳಿಂದ ಕ್ರಮವಾಗಿ ತೋರಿಸಬಹುದು. ಮೇಲಿನ ಅಂತಸ್ತಿನ ನಾಲ್ಕೂ ಪಕ್ಕಗಳ ಅಂಕಿಗಳನ್ನು ಅಚ್ಚು ತೆಗೆದು ಒಂದು ಪಟ್ಟಿಯಲ್ಲಿ ಜೋಡಿಸುವುದರಿಂದ ಈ ಕೆಲಸವನ್ನು ತೊಡಗಬಹುದು.